ವಾಕ್ಯ ಮಾತು ಮುಗಿಸುವವರೆಗೆ

ನಮ್ಮ ಕಡೆ ಅನೇಕ ಕ್ರೈಸ್ತ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡು ಕೊಡುತ್ತಾರೆ. ತಟ್ಟೆಯಲ್ಲಿ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಒಬ್ಬೊಬ್ಬರೇ ಹೋಗಿ ಒಂದೊಂದು ತೆಗೆದುಕೊಳ್ಳುವುದು. ಅದರಲ್ಲಿರುವ ವಚನ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು ಅಂತ ನಂಬಿಕೆ. ಚಿಕ್ಕಬಳ್ಳಾಪುರದ ಸುತ್ತಮುತ್ತ ನಮ್ಮವರ ಮನೆಗಳಿಗೆ ಹೋದರೆ ಕ್ಯಾಲೆಂಡರ್ ಪಕ್ಕದಲ್ಲೋ ಫ್ರಿಜ್ ಬಾಗಿಲ ಮೇಲೋ ಅಂಥದ್ದೊಂದು ಕಾರ್ಡು ಕಾಣುತ್ತದೆ. ನಾನೂ ತೆಗೆದುಕೊಳ್ಳುತ್ತೇನೆ, ಪ್ರೀತಿಯಿಂದಲೇ. ಮನೆಗೆ ಬಂದ ಮೇಲೆ ಆ ವಚನ ಯಾವ ಅಧ್ಯಾಯದ್ದೋ ಅದನ್ನು ಪೂರ್ತಿ ಓದುತ್ತೇನೆ. ಹಿಂದಿನದನ್ನೂ ಮುಂದಿನದನ್ನೂ ಓದುತ್ತೇನೆ. ಬೈಬಲನ್ನು ತೆರೆದ ಮನಸ್ಸಿನಿಂದ ಓದುವುದು ಹೇಗೆ ಅಂತ ನಮ್ಮ ಕೂಟಕ್ಕೆ ಹೊಸದಾಗಿ ಬಂದವರು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ದೇವರ ವಾಕ್ಯ ತನ್ನ ಮಾತು ಮುಗಿಸುವವರೆಗೆ ಎದ್ದು ಹೋಗಬೇಡಿ.

ಯೆರೆಮೀಯ 29:11 ಈ ಕಾರ್ಡುಗಳಲ್ಲಿ ಪದೇ ಪದೇ ಬರುವ ವಚನ. ನಿಮ್ಮ ಬಗ್ಗೆ ನನಗಿರುವುದು ಒಳ್ಳೆಯ ಯೋಚನೆ, ಕೇಡಿನದಲ್ಲ, ನಿಮಗೆ ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ ಮಾತು. ಮಗನಿಗೆ ಕೆಲಸ ಸಿಗಲಿ ಅಂತ ಕಾಯುವ ತಾಯಿಗೆ ಈ ಕಾರ್ಡು ಬಂದರೆ ಎಷ್ಟು ಸಮಾಧಾನ ಅಲ್ವಾ? ಆ ಸಮಾಧಾನವನ್ನು ಕಿತ್ತುಕೊಳ್ಳುವ ಆಸೆ ನನಗಿಲ್ಲ. ಆದರೆ ಅಧ್ಯಾಯದ ಮೊದಲಿಂದ ಓದಿ ನೋಡಿ. ಅದೊಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ಯೆರೂಸಲೇಮಿನಿಂದ ಹಿಡಿದುಕೊಂಡು ಹೋದ ಜನರಿಗೆ ಯೆರೆಮೀಯ ಬರೆದು ಕಳಿಸಿದ್ದು. ಬೇಗ ಬಿಡುಗಡೆ ಆಗುತ್ತೆ ಅಂತ ಹೇಳುವ ಪ್ರವಾದಿಗಳು ಆಗ ಬೇಕಾದಷ್ಟು ಜನ ಇದ್ದರು. ಯೆರೆಮೀಯ ಹೇಳಿದ್ದು ಬೇರೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಸೆರೆಯಾಗಿ ಕಳಿಸಿದ ಆ ಊರಿನ ಕ್ಷೇಮಕ್ಕೋಸ್ಕರವೇ ಪ್ರಾರ್ಥಿಸಿ, ಅದಕ್ಕೆ ಒಳ್ಳೆಯದಾದರೆ ನಿಮಗೂ ಒಳ್ಳೆಯದು. 70 ವರ್ಷ ಆದ ಮೇಲೆ ನಾನು ಬರುತ್ತೇನೆ. ಇಷ್ಟೆಲ್ಲ ಹೇಳಿದ ಮೇಲೆ ಆ 11ನೇ ವಚನ ಬರುತ್ತದೆ.

70 ವರ್ಷ ಅಂದರೆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಬಹಳ ಜನ ಆ ದಿನ ನೋಡಿರಲಾರರು. ಅವರಿಗೆ ಸಿಕ್ಕ ಕೆಲಸ ತೋಟ ಹಾಕುವುದು, ಶತ್ರುವಿನ ಊರಿಗೆ ಒಳ್ಳೆಯದು ಬೇಡುವುದು. ಇದನ್ನು ಓದಿದ ಮೇಲೆ ನನ್ನ ಪ್ರಾರ್ಥನೆಯ ಪಟ್ಟಿಯೇ ಉದ್ದವಾಯಿತು. ನಮ್ಮ ಮನೆ, ನಮ್ಮ ಸಭೆ ಆದ ಮೇಲೆ ಚಿಕ್ಕಬಳ್ಳಾಪುರಕ್ಕೋಸ್ಕರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಕಂದವಾರ ಕೆರೆಯಲ್ಲಿ ನೀರು ನಿಲ್ಲಲಿ, ಹೂವಿನ ಮಾರ್ಕೆಟ್‌ನಲ್ಲಿ ರೈತರಿಗೆ ಬೆಲೆ ಸಿಗಲಿ, ತಾಲ್ಲೂಕು ಕಚೇರಿಯಲ್ಲಿ ಕೂತವರಿಗೆ ನ್ಯಾಯ ಮಾಡುವ ಮನಸ್ಸು ಬರಲಿ ಅಂತ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರು ಯಾವ ದೇವರಿಗೆ ಕೈಮುಗಿಯುತ್ತಾರೆ ಅಂತ ಈ ಪ್ರಾರ್ಥನೆ ಕೇಳುವುದಿಲ್ಲ. ಕಾರ್ಡಿನಲ್ಲಿದ್ದ ಒಂದು ಸಾಲಿನಿಂದಲೇ ಇದು ನನಗೆ ಬರುತ್ತಿತ್ತು ಅಂತ ಅನಿಸುವುದಿಲ್ಲ.

ಇನ್ನು ನಾನು ಓದುವ ರೀತಿ ಹೇಳುತ್ತೇನೆ. ನಮ್ಮದು ದ್ರಾಕ್ಷಿ ತೋಟದ ಮನೆ. ಹಸುಗಳೂ ಇವೆ. ಹಾಲು ಕರೆದು ಡೈರಿಗೆ ಕಳಿಸುವ ಮುಂಚೆ ಸಿಗುವ ಹೊತ್ತೇ ನನ್ನದು. ಅಡುಗೆಮನೆ ಪಕ್ಕದ ಜಗಲಿಯಲ್ಲಿ ಕೂರುತ್ತೇನೆ. ಫೋನ್ ಒಳಗಿನ ಕೋಣೆಯಲ್ಲಿರುತ್ತದೆ. ಫೋನಿನಲ್ಲೂ ಬೈಬಲ್ ಇದೆ, ಬಸ್ಸಿನಲ್ಲಿ ಹೋಗುವಾಗ ಅನುಕೂಲವೇ. ಆದರೆ ಬೆಳಗ್ಗೆ ದಪ್ಪಕ್ಷರದ ಪುಸ್ತಕವೇ ಬೇಕು. ಪುಟ ತಿರುಗಿಸಿದರೆ ಹಿಂದೆ ಏನಾಯಿತು ಅಂತ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಹುಡುಕಿದ ವಚನ ಒಂದೇ ಬಂದು ನಿಲ್ಲುತ್ತದೆ.

ಮೊದಲು ಪ್ರಾರ್ಥನೆ, ಎರಡೇ ಮಾತು. ನನಗೆ ಇಷ್ಟವಾದ ಪ್ರಾರ್ಥನೆ ಪುಟ್ಟ ಸಮುವೇಲನದು. 1 ಸಮುವೇಲ 3ರಲ್ಲಿದೆ. ಅಪ್ಪಣೆ ಕೊಡು, ನಿನ್ನ ದಾಸ ಕೇಳುತ್ತಿದ್ದಾನೆ ಅಂತ. ಅಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ದೇವರು ಕರೆದಾಗ ಹುಡುಗನಿಗೆ ಅದು ದೇವರ ದನಿ ಅಂತ ಗೊತ್ತಾಗುವುದಿಲ್ಲ. ಯಾಜಕ ಏಲಿ ಕರೆದ ಅಂದುಕೊಂಡು ಮೂರು ಸಲ ಓಡಿ ಹೋಗುತ್ತಾನೆ. ಕೊನೆಗೆ ಆ ಮುದುಕನೇ ಹೇಳಿಕೊಡಬೇಕಾಯಿತು, ಹೀಗೆ ಕರೆದರೆ ಹೀಗೆ ಉತ್ತರ ಕೊಡು ಅಂತ. ಏಲಿಯ ಮನೆಯೇ ಸರಿ ಇರಲಿಲ್ಲ, ಮಕ್ಕಳು ಕೆಟ್ಟಿದ್ದರು. ಆದರೂ ಅವನಿಲ್ಲದೆ ಸಮುವೇಲನಿಗೆ ದನಿಯ ಗುರುತು ಸಿಗುತ್ತಿರಲಿಲ್ಲ. ಆಮೇಲೆ ಸಮುವೇಲ ಕೇಳಿದ್ದು ಏನು? ಹಾಗೆ ಹೇಳಿಕೊಟ್ಟ ಏಲಿಯ ಮನೆತನಕ್ಕೆ ಬರುವ ಶಿಕ್ಷೆ. ಕೇಳುತ್ತೇನೆ ಅಂತ ದೇವರ ಮುಂದೆ ಕೂತವರಿಗೆ ಹಿಡಿಸದ ಮಾತೂ ಬರಬಹುದು. ಅದಕ್ಕೂ ಒಪ್ಪಿಯೇ ನಾನು ಪುಸ್ತಕ ತೆರೆಯುತ್ತೇನೆ.

ಓದುವುದು ಗಟ್ಟಿಯಾಗಿ. ಪಿಸುಗುಟ್ಟಿದರೂ ಸಾಕು, ನನ್ನ ಕಿವಿಗೆ ಬೀಳಬೇಕು. ಕಣ್ಣು ಸಾಲುಗಳನ್ನು ಹಾರಿಸಿಬಿಡುತ್ತದೆ, ಬಾಯಿ ಹಾರಿಸುವುದಿಲ್ಲ. ಇದು ಹಳೆಯ ಕ್ರಮವೇ. ಅಪೊಸ್ತಲ ಪೌಲ ಸಭೆಗಳಿಗೆ ಬರೆದ ಕಾಗದಗಳನ್ನು ಸಭೆಯಲ್ಲಿ ಒಬ್ಬರು ಓದುತ್ತಿದ್ದರು, ಮಿಕ್ಕವರು ಕೇಳುತ್ತಿದ್ದರು. ಪ್ರಕಟನೆ 1:3ರಲ್ಲಿ ಓದುವವನಿಗೂ ಕೇಳುವವರಿಗೂ ಒಟ್ಟಿಗೇ ಧನ್ಯರು ಅಂತ ಹೇಳಿದೆ. ಕನ್ನಡದಲ್ಲಿ ಪೂರ್ತಿ ಬೈಬಲ್ ಅಚ್ಚಾಗಿದ್ದು 1831ರಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಬಳ್ಳಾರಿಯಲ್ಲಿದ್ದುಕೊಂಡು ವರ್ಷಗಟ್ಟಲೆ ದುಡಿದ ಕೆಲಸ ಅದು. ಆಮೇಲೂ ಎಷ್ಟೋ ಕಾಲ ನಮ್ಮ ಹಳ್ಳಿಗಳಲ್ಲಿ ಅಕ್ಷರ ಗೊತ್ತಿದ್ದವರು ಕಮ್ಮಿ. ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ 23ನೇ ಕೀರ್ತನೆ, 121ನೇ ಕೀರ್ತನೆ, ಬೆಟ್ಟದ ಪ್ರಸಂಗದ ಸುಮಾರು ಭಾಗ ಬಾಯಲ್ಲೇ ಇತ್ತು. ಸೊಪ್ಪು ಬಿಡಿಸುತ್ತಾ ಹೇಳುತ್ತಿದ್ದಳು. ಕೇಳಿ ಕಲಿತದ್ದು ಒಳಗೆ ಎಷ್ಟು ಆಳಕ್ಕೆ ಇಳಿಯುತ್ತೆ ಅಂತ ನಾನು ಅವಳಲ್ಲಿ ನೋಡಿದ್ದೇನೆ.

ಒಂದು ಸಲಕ್ಕೆ ಒಂದು ಸಣ್ಣ ಭಾಗ ಮಾತ್ರ. ಒಂದು ಕಥೆ, ಇಲ್ಲವೇ ಒಂದು ಕೀರ್ತನೆ. ಅದನ್ನೇ ಎರಡು ಮೂರು ಸಲ ಓದುತ್ತೇನೆ. ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಚಾರ್ಟು ಹಿಡಿದು ಓದುವವರೂ ನಮ್ಮಲ್ಲಿದ್ದಾರೆ. ಒಳ್ಳೆಯದೇ, ಪುಸ್ತಕದ ಉದ್ದಗಲ ಗೊತ್ತಾಗುತ್ತದೆ. ಆದರೆ ದಿನಾ ಅದೊಂದೇ ಆದರೆ ಒಳಗೆ ಇಳಿಯಲು ಜಾಗ ಸಿಗುವುದಿಲ್ಲ. ನನ್ನ ತವರು ಶಿಡ್ಲಘಟ್ಟದ ಕಡೆ, ರೇಷ್ಮೆ ಹುಳು ಸಾಕುವ ಮನೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಾಡಿಸುವುದಿಲ್ಲ. ಆ ಹೊತ್ತಿನಲ್ಲಿ ಅದು ತಿಂದದ್ದನ್ನು ಇಟ್ಟುಕೊಂಡು ಹಳೇ ಚರ್ಮ ಕಳಚುತ್ತಿರುತ್ತದೆ. ಓದಿದ ಮೇಲೆ ನಾನು ಸುಮ್ನೆ ಕೂರುವುದೂ ಅದೇ ಲೆಕ್ಕದಲ್ಲಿ.

ಕೆಥೊಲಿಕ್ ಸಿಸ್ಟರ್ ಒಬ್ಬರು ಪರಿಚಯವಾದ ಮೇಲೆ ಗೊತ್ತಾಯಿತು, ಈ ರೀತಿ ಓದುವುದಕ್ಕೆ ಅವರಲ್ಲಿ ಲೆಕ್ಸಿಯೊ ದಿವಿನಾ ಅನ್ನುತ್ತಾರಂತೆ. ಮಠಗಳಲ್ಲಿ ಶತಮಾನಗಳಿಂದ ನಡೆದು ಬಂದದ್ದು. 12ನೇ ಶತಮಾನದಲ್ಲಿ ಫ್ರಾನ್ಸಿನ ಎರಡನೇ ಗೀಗೋ ಎಂಬ ಮಠಾಧಿಪತಿ ಇದನ್ನು ಏಣಿಯ ನಾಲ್ಕು ಮೆಟ್ಟಿಲು ಅಂತ ಬರೆದಿಟ್ಟರು: ಓದು, ಧ್ಯಾನ, ಪ್ರಾರ್ಥನೆ, ಆಮೇಲೆ ದೇವರ ಮುಂದೆ ಸುಮ್ಮನಿರುವುದು. ನಾವು ಸಿಎಸ್‌ಐನವರು (ದಕ್ಷಿಣ ಭಾರತ ಸಭೆಯವರು), ನಮಗ್ಯಾಕೆ ಅದು ಅಂತ ಕೂಟದಲ್ಲಿ ಒಬ್ಬರು ಕೇಳಿದ್ದರು. ಸಿಎಸ್‌ಐ ಹುಟ್ಟಿದ್ದೇ 1947ರಲ್ಲಿ ಬೇರೆ ಬೇರೆ ಸಭೆಗಳು ಒಂದಾಗಿ. ಒಳ್ಳೆಯದನ್ನು ಇನ್ನೊಬ್ಬರಿಂದ ತೆಗೆದುಕೊಳ್ಳಲು ನಮಗೆ ಸಂಕೋಚ ಯಾಕೆ?

ಧ್ಯಾನ ಅನ್ನುವ ಮೆಟ್ಟಿಲಲ್ಲಿ ನಾನು ಮಾಡುವುದು ಪ್ರಶ್ನೆ ಬರೆಯುವುದು. ಹಳೇ ನೋಟುಬುಕ್ಕು ಒಂದಿದೆ. ಉತ್ತರ ಬರೆಯುವುದಿಲ್ಲ. ಇವನು ಯಾಕೆ ಹೀಗಂದ? ಇವಳಿಗೆ ಆಮೇಲೆ ಏನಾಯಿತು? ಇಲ್ಲಿ ಯಾರ ಮಾತು ಬಂದೇ ಇಲ್ಲ? ಕೆಲವು ಪ್ರಶ್ನೆಗಳಿಗೆ ಎಷ್ಟೋ ದಿನ ಆದಮೇಲೆ ಬೇರೆ ಎಲ್ಲೋ ಓದುವಾಗ ಉತ್ತರ ಸಿಗುತ್ತದೆ. ಕೆಲವಕ್ಕೆ ಸಿಗುವುದೇ ಇಲ್ಲ.

ಯೋಹಾನ 15ನ್ನು ನಾನು ತೋಟದಲ್ಲೇ ಓದಿದ್ದೇನೆ. ನಮ್ಮದು ಬೆಂಗಳೂರು ಬ್ಲೂ, 2013ರಲ್ಲಿ ಜಿಐ, ಅಂದರೆ ಈ ಪ್ರದೇಶದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿದ ಈ ಕಡೆಯ ದ್ರಾಕ್ಷಿ. ಚಪ್ಪರದ ಕೆಳಗೆ ನಿಂತು ಕಡ್ಡಿ ಕತ್ತರಿಸುವ ದಿನಗಳಲ್ಲಿ ಆಳುಗಳಿಗೆ ಕಾಫಿ ಕೊಟ್ಟು ಅಲ್ಲೇ ಕಲ್ಲುಕಂಬಕ್ಕೆ ಒರಗಿ ಕೂತಿದ್ದೆ. ಫಲ ಕೊಡುವ ಕೊಂಬೆಯನ್ನು ಇನ್ನೂ ಹೆಚ್ಚು ಫಲ ಕೊಡಲಿ ಅಂತ ತಂದೆ ಶುದ್ಧಿ ಮಾಡುತ್ತಾನೆ ಅಂತ ಯೇಸು ಹೇಳುತ್ತಾನೆ. ತಲೆ ಎತ್ತಿ ನೋಡಿದೆ. ಕತ್ತರಿ ಹಿಡಿದವನು ಒಣಕಲು ಕಡ್ಡಿಯನ್ನು ಬುಡಕ್ಕೇ ತೆಗೆದು ಎಸೆಯುತ್ತಿದ್ದ. ಹೋದ ಬೆಳೆಯಲ್ಲಿ ಗೊಂಚಲು ಬಿಟ್ಟ ಒಳ್ಳೆ ಕಡ್ಡಿಯನ್ನು ಹಿಡಿದು, ಬೆರಳಲ್ಲಿ ಕಣ್ಣು ಎಣಿಸಿ, ಅಲ್ಲಿಗೆ ಕತ್ತರಿಸುತ್ತಿದ್ದ. ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ತೆರೆದ ಪುಟದ ಮೇಲೂ ಒಂದು ಹನಿ ಬಿತ್ತು.

"ಯಾಕಪ್ಪಾ ಅಷ್ಟು ಚೆನ್ನಾಗಿರೋದನ್ನ ಕತ್ತರಿಸ್ತೀಯ?" ಅಂತ ಕೇಳಿದೆ, ಉತ್ತರ ಗೊತ್ತಿದ್ದರೂ.

"ಇದನ್ನೇ ಅಲ್ವೇನಮ್ಮ ಕತ್ತರಿಸ್ಬೇಕಾಗಿರೋದು. ಬಿಟ್ರೆ ಬರೀ ಎಲೆ" ಅಂದ.

ಕಷ್ಟ ಬಂದವರನ್ನು ನೋಡಿ ಏನು ಪಾಪ ಮಾಡಿದ್ದರೋ ಅನ್ನುವ ಮಾತು ನಮ್ಮ ಸಭೆಗಳಲ್ಲೂ ಕೇಳುತ್ತದೆ. ಈ ಅಧ್ಯಾಯದಲ್ಲಿ ಕತ್ತರಿ ಬೀಳುವುದು ಫಲ ಕೊಟ್ಟ ಕೊಂಬೆಯ ಮೇಲೆ. ಅದಾದ ಕೂಡಲೇ 3ನೇ ವಚನದಲ್ಲಿ ಯೇಸು ಶಿಷ್ಯರಿಗೆ, ನಾನು ಹೇಳಿದ ವಾಕ್ಯದಿಂದಲೇ ನೀವು ಈಗ ಶುದ್ಧರಾಗಿದ್ದೀರಿ ಅನ್ನುತ್ತಾನೆ. ಅಂದರೆ ಆ ಕತ್ತರಿ ವಾಕ್ಯವೇ. ಓದುವಾಗ ನಮ್ಮಲ್ಲಿ ಚೆನ್ನಾಗಿರುವುದಕ್ಕೇ ಅದು ತಾಗಬಹುದು ಅಂತ ನನಗೆ ಅನಿಸಿತು. ನನ್ನ ಶಿಸ್ತು, ನನ್ನ ಪ್ರಾರ್ಥನೆ, ನಾನು ಸಭೆಗೆ ದುಡಿಯುವ ಪರಿ, ಇವೆಲ್ಲದಕ್ಕೂ.

ಈ ಅಧ್ಯಾಯದಲ್ಲಿ ಹೆಚ್ಚಿನವರು 8ನೇ ವಚನಕ್ಕೆ ನಿಲ್ಲಿಸುತ್ತಾರೆ. ಮುಂದೆ ಹೋದರೆ ಇಷ್ಟು ಹೊತ್ತು ಹೇಳಿದ ಫಲ ಎಲ್ಲಿಗೆ ಬಂದು ಸೇರುತ್ತೆ ಅಂತ ತಿಳಿಯುತ್ತದೆ. ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿ, ಇದೇ ನನ್ನ ಆಜ್ಞೆ. 12ನೇ ವಚನ. ಆ ಹೊತ್ತಿಗೆ ನಮ್ಮ ಮನೆಗೂ ಮೈದುನನ ಮನೆಗೂ ಬದುವಿನ ವಿಷಯಕ್ಕೆ ಮಾತು ನಿಂತಿತ್ತು. ಓದಿದ ಮೇಲೆ ಮಾಡಬೇಕಾದ ಒಂದು ಕೆಲಸ ಇದ್ದರೆ ಅದನ್ನು ಆವತ್ತೇ ಮಾಡಬೇಕು, ಇದು ನನ್ನ ಓದಿನ ಕೊನೆಯ ಭಾಗ. ಸಂಜೆ ಅವರ ಮನೆಗೆ ಹೋದೆ. ಓರಗಿತ್ತಿ ಒಳಗೆ ಕರೆದಳು, ಕಾಫಿ ಕೊಟ್ಟಳು. ಮೈದುನ ಹೊರಗೆ ಬಂದು "ಏನತ್ತಿಗೆ?" ಅಂದ. ಮಕ್ಕಳ ಓದಿನ ವಿಷಯ ಮಾತಾಡಿದೆವು. ಬದುವಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಅದು ಸರ್ವೇಯರ್ ಬಂದ ಮೇಲೇ ತೀರ್ಮಾನ ಆಗಿದ್ದು. ಆದರೆ ಹೋಗಿ ಬರುವುದು ಆವತ್ತಿಂದಲೇ ಶುರುವಾಯಿತು.

ಒಬ್ಬರೇ ಓದಿದರೆ ಸಾಲದು ಅಂತ ನನಗೆ ದೃಢವಾಗಿದ್ದು ನಮ್ಮ ಗುರುವಾರದ ಹೆಂಗಸರ ಕೂಟದಲ್ಲಿ. ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ. ಕೆಲವರ ಕೈಯಲ್ಲಿ ತೆಲುಗು ಬೈಬಲ್ ಇರುತ್ತದೆ, ಈ ಕಡೆ ಮನೆಮಾತು ತೆಲುಗಿನವರು ಜಾಸ್ತಿ. ಒಬ್ಬರು ಓದುತ್ತಾರೆ, ಮಿಕ್ಕವರು ಪುಸ್ತಕ ಮುಚ್ಚಿ ಕೇಳುತ್ತಾರೆ. ಆಮೇಲೆ ಇನ್ನೊಬ್ಬರು ಅದನ್ನೇ ಮತ್ತೆ ಓದುತ್ತಾರೆ. ನಂತರ ಮನಸ್ಸಿಗೆ ತಟ್ಟಿದ್ದನ್ನು ಒಬ್ಬೊಬ್ಬರೇ ಹೇಳುವುದು. ಒಬ್ಬರು ಹೇಳುವಾಗ ಇನ್ನೊಬ್ಬರು ತಿದ್ದುವ ಹಾಗಿಲ್ಲ. ಪ್ರಸಂಗ ಮಾಡುವ ಹಾಗೂ ಇಲ್ಲ.

ಒಮ್ಮೆ ಲೂಕನ ಸುವಾರ್ತೆ ಓದುತ್ತಿದ್ದೆವು. 21ನೇ ಅಧ್ಯಾಯದ ಶುರುವಿನಲ್ಲಿ ಬಡ ವಿಧವೆ ದೇವಾಲಯದ ಬೊಕ್ಕಸಕ್ಕೆ ಎರಡು ಕಾಸು ಹಾಕುವ ಕಥೆ ಇದೆ. ಸಭೆಯ ಸುಗ್ಗಿ ಹಬ್ಬದಲ್ಲಿ ಇದನ್ನು ಕೇಳದೆ ಇರುವವರಿಲ್ಲ. ಕುಂಬಳಕಾಯಿ, ರಾಗಿ, ಕೋಳಿ, ಬಾಳೆಗೊನೆ ಎಲ್ಲ ತಂದು ಒಪ್ಪಿಸಿ ಹರಾಜು ಹಾಕುವ ದಿನ, ಕಾಣಿಕೆ ಅಂದರೆ ಹೀಗಿರಬೇಕು ಅಂತ ಈ ವಿಧವೆಯನ್ನು ತೋರಿಸುತ್ತಾರೆ. ನಮ್ಮ ಕೂಟದಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ಹೂ ಕಟ್ಟಿ ಮಾರಿ ಮಕ್ಕಳನ್ನು ಸಾಕಿದವರು. ಅವರಿಗೆ ಓದಲು ಬರುವುದಿಲ್ಲ, ಅಧ್ಯಾಯ ಎಲ್ಲಿ ಮುಗಿಯುತ್ತೆ, ಎಲ್ಲಿ ಶುರುವಾಗುತ್ತೆ ಅಂತ ಕಾಣುವುದಿಲ್ಲ. ಆವತ್ತು ಓದುತ್ತಿದ್ದ ಹುಡುಗಿ 20ನೇ ಅಧ್ಯಾಯದ ಕೊನೆಯಿಂದ ನಿಲ್ಲಿಸದೆ ಮುಂದಕ್ಕೆ ಓದಿಬಿಟ್ಟಳು. 20ರ ಕೊನೆಯಲ್ಲಿ ಯೇಸು ಶಾಸ್ತ್ರಿಗಳ, ಅಂದರೆ ಧರ್ಮಶಾಸ್ತ್ರ ಕಲಿಸುವವರ ಬಗ್ಗೆ ಎಚ್ಚರಿಕೆ ಕೊಡುತ್ತಾನೆ. ಉದ್ದ ನಿಲುವಂಗಿ ಹಾಕಿ ತಿರುಗುವವರು, ನಮಸ್ಕಾರ ಬಯಸುವವರು, ವಿಧವೆಯರ ಮನೆಗಳನ್ನು ನುಂಗುವವರು, ತೋರಿಕೆಗೆ ಉದ್ದುದ್ದ ಪ್ರಾರ್ಥನೆ ಮಾಡುವವರು ಅಂತ. ಅದರ ಬೆನ್ನಿಗೇ ಈ ವಿಧವೆ ಬರುತ್ತಾಳೆ, ಜೀವನಕ್ಕೆ ಇದ್ದದ್ದನ್ನೆಲ್ಲ ಹಾಕುತ್ತಾಳೆ.

ದೊಡ್ಡಮ್ಮ ಕೈ ಎತ್ತಿ ನಿಲ್ಲಿಸಿದರು. "ಇರಮ್ಮ. ವಿಧವೆ ಮನೆ ನುಂಗ್ತಾರೆ ಅಂದ. ತಿರುಗಿ ನೋಡಿದ್ರೆ ವಿಧವೆ ಇದ್ದಿದ್ದನ್ನೆಲ್ಲ ಅಲ್ಲಿಗೇ ಹಾಕ್ತಾವ್ಳೆ. ಆ ಎಮ್ಮನ ಮನೇಲಿ ರಾತ್ರಿಗೆ ಹಿಟ್ಟಿತ್ತಾ? ಅದನ್ನ ಯಾರೂ ಕೇಳ್ಲಿಲ್ವಾ?"

ಯಾರೂ ಮಾತಾಡಲಿಲ್ಲ. ಹುಡುಗಿ ಮುಂದಕ್ಕೆ ಓದಿದಳು. ದೇವಾಲಯದ ಕಲ್ಲು ಎಷ್ಟು ಚೆಂದ ಅಂತ ಕೆಲವರು ಹೊಗಳುತ್ತಾರೆ. ಇದರಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಯೇಸು ಹೇಳುತ್ತಾನೆ. ನುಂಗುವವರು, ನುಂಗಿಸಿಕೊಂಡವಳು, ಬೀಳಲಿರುವ ಕಟ್ಟಡ, ಮೂರೂ ಒಂದರ ಹಿಂದೆ ಒಂದು ಇವೆ. ನಡುವೆ ಇರುವ 21 ಅನ್ನುವ ಅಂಕಿ ಲೂಕ ಹಾಕಿದ್ದಲ್ಲ. ನಾವು ಈಗ ನೋಡುವ ಅಧ್ಯಾಯಗಳು 13ನೇ ಶತಮಾನದಲ್ಲಿ ಬಂದದ್ದು, ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದು ಅನ್ನುತ್ತಾರೆ. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳನ್ನು ಹಾಕಿದವರು ರೋಬೆರ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕುವುದಕ್ಕೆ ಅವು ಬೇಕೇ ಬೇಕು. ಆದರೆ ಓದುವಾಗ ಅಂಕಿ ಬಂತು ಅಂತ ನಿಲ್ಲಬೇಕಾಗಿಲ್ಲ.

ಆ ವಿಧವೆಯ ಭಕ್ತಿ ದೊಡ್ಡದು ಅನ್ನುವುದರಲ್ಲಿ ಅನುಮಾನವಿಲ್ಲ, ಯೇಸುವೇ ಅವಳನ್ನು ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅಂದಿದ್ದಾನೆ. ಅವಳ ಭಕ್ತಿಯ ಜೊತೆ ಅವಳ ರಾತ್ರಿ ಊಟವನ್ನೂ ನೋಡಲು ಕಲಿಸಿದ್ದು ನಮ್ಮ ದೊಡ್ಡಮ್ಮ. ಅಷ್ಟು ವರ್ಷ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದವರು. ಅವರಿಗೆ ಬಾಯಿ ಬಿಡಲು ಜಾಗ ಕೊಟ್ಟಿದ್ದರಿಂದ ವಾಕ್ಯದ ಆ ಮಾತು ನಮಗೂ ಕೇಳಿಸಿತು. ಆ ವರ್ಷದ ಸುಗ್ಗಿ ಹಬ್ಬದಲ್ಲಿ ಬಂದ ಅಕ್ಕಿ, ರಾಗಿಯಲ್ಲಿ ಒಂದು ಪಾಲನ್ನು ಹರಾಜಿಗೆ ಹಾಕದೆ ಸಭೆಯ ಒಂಟಿ ಹೆಂಗಸರ ಮನೆಗಳಿಗೆ ಕೊಡೋಣ ಅಂತ ನಮ್ಮ ಕೂಟದಿಂದ ಕೇಳಿಕೊಂಡೆವು. ಸಭೆಯ ಪಾದ್ರಿ ಅಯ್ಯನವರು ಒಪ್ಪಿದರು.

ಇನ್ನೊಂದು ಸಲ ಆಲಿಕಲ್ಲು ಮಳೆ ಬಿದ್ದು ಈ ಕಡೆ ದ್ರಾಕ್ಷಿ ಹಾಳಾಯಿತು. ನಮ್ಮದೂ ಹೋಯಿತು, ಕೂಟದ ಇನ್ನೊಬ್ಬಳದ್ದು ನಮಗಿಂತ ಜಾಸ್ತಿ ಹೋಯಿತು. ಆ ವಾರ ಯಾರೋ ಹಬಕ್ಕೂಕ 3:17 ತೆಗೆದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿಯಲ್ಲಿ ಫಲ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುವ ಭಾಗ. ಇಷ್ಟು ಹೊಂದುವ ವಚನ ಇನ್ನೆಲ್ಲಿ ಸಿಗಬೇಕು? ಅವಳು ಅಳುತ್ತಾ, "ದ್ರಾಕ್ಷಿ ಇಲ್ಲ ಅನ್ನೋವರ್ಗೂ ಹೇಳ್ತೀನಿ ಅಕ್ಕ. ಅದ್ರ ಮುಂದಿಂದು ನನ್ನ ಬಾಯಲ್ಲಿ ಬರ್ತಿಲ್ಲ" ಅಂದಳು. ಅಲ್ಲಿಗೇ ಬಿಟ್ಟೆವು. ಮುಂದಿನ ವಾರ ಆ ಪುಸ್ತಕವನ್ನು ಮೊದಲಿಂದ ಓದಿದೆವು, ಮೂರೇ ಅಧ್ಯಾಯ. ಶುರುವಾಗುವುದೇ ದೂರಿನಿಂದ. ಎಷ್ಟು ಕಾಲ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ ಅಂತ ಹಬಕ್ಕೂಕ ದೇವರನ್ನು ಕೇಳುತ್ತಾನೆ. ದೇವರು ಕೊಟ್ಟ ಉತ್ತರವೂ ಅವನಿಗೆ ಒಪ್ಪಿಗೆಯಾಗುವುದಿಲ್ಲ, ಮತ್ತೆ ಕೇಳುತ್ತಾನೆ. ಕಾವಲುಗಾರನ ಹಾಗೆ ನಿಂತು ಕಾಯುತ್ತಾನೆ. ಆ ಸಂತೋಷದ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. "ಹಂಗಾದ್ರೆ ನಾನು ಒಂದನೇ ಅಧ್ಯಾಯದಲ್ಲಿದೀನಿ" ಅಂದಳು ಅವಳು. ಇರಲಿ, ಅದೂ ಬೈಬಲಿನ ಒಳಗೇ ಇರುವ ಅಧ್ಯಾಯ ಅಂದೆವು. ದುಃಖದಲ್ಲಿ ಇರುವವರಿಗೆ ಕೊನೆಯ ವಚನವನ್ನು ಮೊದಲೇ ಕೊಡುವ ಆತುರ ನಮ್ಮಲ್ಲಿ ಬಹಳ. ಅಂಥವರಿಗೆ ನಾನು 88ನೇ ಕೀರ್ತನೆ ಓದಿ ಹೇಳುತ್ತೇನೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಬೆಳಕಿನ ಒಂದು ಸಾಲೂ ಕೊನೆಯಲ್ಲಿಲ್ಲ. ಅದನ್ನೂ ದೇವಜನರು ಹಾಡಿ ಉಳಿಸಿಕೊಂಡು ಬಂದಿದ್ದಾರೆ.

ತೆರೆದ ಮನಸ್ಸು ಅಂದಾಗ ಒಂದು ಅಪಾಯವನ್ನೂ ಹೇಳಲೇಬೇಕು. ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಚನವೇ ದೇವರ ಅಪ್ಪಣೆ ಅಂತ ಹಿಡಿಯುವವರಿದ್ದಾರೆ. ಬೆಂಗಳೂರು ಹತ್ತಿರ ಬಂದ ಹಾಗೆಲ್ಲ ನಮ್ಮ ಕಡೆ ಜಮೀನಿಗೆ ಬ್ರೋಕರ್‌ಗಳ ಕಾಟ. ನಮ್ಮಲ್ಲೊಬ್ಬ ಸಹೋದರಿಗೆ ಹೀಗೆ ತೆರೆದಾಗ ಆದಿಕಾಂಡ 12:1 ಬಂತು, ನಿನ್ನ ದೇಶವನ್ನೂ ಬಂಧುಗಳನ್ನೂ ಬಿಟ್ಟು ಹೊರಡು ಅಂತ ದೇವರು ಅಬ್ರಾಮನಿಗೆ ಹೇಳಿದ್ದು. ಜಮೀನು ಮಾರಿ ಬೆಂಗಳೂರಿನ ಮಗನ ಹತ್ತಿರ ಹೋಗಬೇಕೆಂದು ದೇವರೇ ಹೇಳಿದ್ದಾನೆ ಅಂತ ಕೂಟದಲ್ಲಿ ಸಾಕ್ಷಿ ಹೇಳಿದಳು. ಹಾಗಲ್ಲ ಅನ್ನುವ ಧೈರ್ಯ ನಮಗಿರಲಿಲ್ಲ, ದೇವರು ಹಾಗೂ ಮಾತಾಡಬಲ್ಲ. ನಾವು ಅವಳ ಜೊತೆ ಕೂತು ಪೂರ್ತಿ ಅಧ್ಯಾಯ ಓದಿದೆವು. ಅಬ್ರಾಮ ಹೊರಟ, ಬಂದ ದೇಶದಲ್ಲಿ ಬರ, ಐಗುಪ್ತಕ್ಕೆ ಇಳಿದ, ಜೀವಭಯದಿಂದ ಹೆಂಡತಿಯನ್ನು ತಂಗಿ ಅಂದ, ಸಾರಯಳು ಫರೋಹನ ಮನೆ ಸೇರಬೇಕಾಯಿತು. ಓದಿ ಮುಗಿಸಿದ ಮೇಲೆ ಆ ಸಹೋದರಿಯೇ ಕೇಳಿದಳು, "ಸಾರಯಳನ್ನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?" ಅವಳು ಮನೆಗೆ ಹೋಗಿ ಗಂಡನನ್ನು ಕೇಳಿದಳು, ಸೊಸೆಗೂ ಫೋನ್ ಮಾಡಿದಳು. ಗಂಡನಿಗೆ ಮಾರುವ ಮನಸ್ಸಿರಲಿಲ್ಲ. ಕೆಲವು ತಿಂಗಳು ಪ್ರಾರ್ಥನೆ ಮಾಡಿ ಕೊನೆಗೆ ಜಮೀನನ್ನು ಗುತ್ತಿಗೆಗೆ ಕೊಟ್ಟು ಹೋದರು. ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದಾರೆ, ಹಬ್ಬಕ್ಕೆ ಬರುತ್ತಾರೆ.

ಅಪೊಸ್ತಲರ ಕೃತ್ಯಗಳು 17:11ರಲ್ಲಿ ಬೆರೋಯ ಎಂಬ ಊರಿನವರ ವಿಷಯ ಬರುತ್ತದೆ. ಅವರು ವಾಕ್ಯವನ್ನು ಪೂರ್ತಿ ಮನಸ್ಸಿನಿಂದ ತೆಗೆದುಕೊಂಡರು, ಅದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ನೋಡಿ ಪರೀಕ್ಷೆಯನ್ನೂ ಮಾಡಿದರು. ಎರಡೂ ಒಂದೇ ವಚನದಲ್ಲಿದೆ. ಹೇಳುತ್ತಿದ್ದವನು ಪೌಲ, ಆದರೂ ಪರೀಕ್ಷೆ ಮಾಡಿದರು. ಅದಕ್ಕಾಗಿ ಅವರನ್ನು ಹೊಗಳಿದೆ. ನನಗೆ ದೇವರು ಏನೋ ಹೇಳಿದ ಹಾಗೆ ಅನಿಸಿದಾಗ ನಾನು ಮೂರು ಕಡೆ ನೋಡುತ್ತೇನೆ. ಆ ಭಾಗದ ಹಿಂದೆ ಮುಂದೆ ಏನಿದೆ. ಯೇಸು ನಡೆದುಕೊಂಡ ರೀತಿಗೆ ಅದು ಹೊಂದುತ್ತಾ. ಅದರಿಂದ ಯಾರ ಮೇಲೆ ಭಾರ ಬೀಳುತ್ತೋ ಅವರು ಏನು ಹೇಳುತ್ತಾರೆ. ಮೂರನೆಯದನ್ನು ನಮ್ಮವರು ಕೇಳುವುದು ಬಹಳ ಕಡಿಮೆ. ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ.

ಏನೂ ಕೇಳಿಸದ ದಿನಗಳೂ ಇರುತ್ತವೆ. ಓದುತ್ತೇನೆ, ಕೂರುತ್ತೇನೆ, ಹಸು ಕೂಗುತ್ತೆ, ಎದ್ದು ಹೋಗುತ್ತೇನೆ. ಅದಕ್ಕೆ ಚಿಂತೆ ಮಾಡುವುದಿಲ್ಲ. ಹೊಸದಾಗಿ ಶುರು ಮಾಡುವವರು ಮಾರ್ಕನ ಸುವಾರ್ತೆಯಿಂದ ಶುರು ಮಾಡಿದರೆ ಒಳ್ಳೆಯದು. 16 ಅಧ್ಯಾಯ, ಕಥೆ ಬೇಗ ಬೇಗ ಓಡುತ್ತದೆ, ಶಿಷ್ಯರಿಗೂ ಅರ್ಥವಾಗದೆ ತಬ್ಬಿಬ್ಬಾಗುವುದು ಅದರಲ್ಲಿ ಹೆಚ್ಚು. ಜೊತೆಗೆ ದಿನಕ್ಕೊಂದು ಕೀರ್ತನೆ ಇಟ್ಟುಕೊಳ್ಳಿ. ಯಾಜಕಕಾಂಡ ಆಮೇಲೆ ಓದಬಹುದು. ಆದರೆ ಅದರ 19ನೇ ಅಧ್ಯಾಯವನ್ನು ರೈತರು ಬೇಗ ಓದಬೇಕು. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ದ್ರಾಕ್ಷಿ ತೋಟದಲ್ಲಿ ಉದುರಿದ್ದನ್ನು ಆರಿಸಬೇಡಿ, ಬಡವರಿಗೂ ಪರದೇಶದವರಿಗೂ ಬಿಡಿ ಅಂತ ಇದೆ. ನಮ್ಮ ತೋಟದಲ್ಲಿ ಕೊಯ್ಲು ಮುಗಿದ ಮೇಲೆ ಉಳಿದ ಗೊಂಚಲಿಗೆ ಯಾರು ಬಂದರೂ ಈಗ ನಾವು ತಡೆಯುವುದಿಲ್ಲ. ಉತ್ತರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಬರುವುದು ಜಾಸ್ತಿ.

ಈಗ ಕೂಟದಲ್ಲಿ ನ್ಯಾಯಸ್ಥಾಪಕರು ಓದುತ್ತಿದ್ದೇವೆ. 19ನೇ ಅಧ್ಯಾಯ ಬಂದಾಗ ಬಿಟ್ಟು ಮುಂದೆ ಹೋಗೋಣ ಅಂದರು ಕೆಲವರು. ಒಬ್ಬ ಹೆಂಗಸಿಗೆ ರಾತ್ರಿಯೆಲ್ಲ ಆದ ಹಿಂಸೆ, ಅವಳ ಸಾವು, ಅದಕ್ಕೆ ಅವಳನ್ನು ಹೊರಗೆ ತಳ್ಳಿದ್ದು ಅವಳದೇ ಗಂಡ. ಅವಳ ಹೆಸರು ಕೂಡ ಬರೆದಿಲ್ಲ. ಇದರಲ್ಲಿ ದೇವರ ಮಾತು ಎಲ್ಲಿದೆ ಅಂತ ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಕೊನೆಗೆ ಓದೋಣ ಅಂತಲೇ ತೀರ್ಮಾನವಾಯಿತು, ಮಕ್ಕಳನ್ನು ಹೊರಗೆ ಆಡಲು ಕಳಿಸಿ ಓದಿದೆವು. ಅಧ್ಯಾಯದ ಕೊನೆಯ ವಚನದಲ್ಲಿ, ಇದನ್ನು ಮನಸ್ಸಿಗೆ ತಂದುಕೊಳ್ಳಿ, ಆಲೋಚನೆ ಮಾಡಿ, ಮಾತಾಡಿ ಅಂತ ಇದೆ. ಆವತ್ತು ನಮ್ಮ ಕೂಟ ಮುಗಿದಾಗ ಕೊನೆಯ ಬಸ್ಸು ಹೋಗಿತ್ತು. ಎರಡು ಮನೆಗಳಲ್ಲಿ ನಡೆಯುತ್ತಿರುವ ಹೊಡೆತದ ವಿಷಯ ಮೊದಲ ಸಲ ಹೊರಗೆ ಬಂತು. ಅದರಲ್ಲಿ ಒಬ್ಬಳ ಜೊತೆ ಅಯ್ಯನವರ ಹೆಂಡತಿಯೂ ನಾನೂ ಮಹಿಳಾ ಪೊಲೀಸ್ ಠಾಣೆಗೆ ಹೋಗಿ ಬಂದಿದ್ದೇವೆ. ಇನ್ನೊಬ್ಬಳು ಸದ್ಯಕ್ಕೆ ಬೇಡ ಅಂದಿದ್ದಾಳೆ, ವಾರಕ್ಕೊಮ್ಮೆ ಅವಳ ಮನೆಗೆ ಹೋಗಿ ಬರುತ್ತೇವೆ. 20ನೇ ಅಧ್ಯಾಯ ಈ ಗುರುವಾರ ಓದಬೇಕು. ದೊಡ್ಡಮ್ಮನ ಮನೆಯಲ್ಲಿ.